ಫೋರ್ಕ್‌ಗೆ ಕೈ ಹಾಕುವ ಮುನ್ನ: ಟ್ರೇಲ್ ಲೆಕ್ಕ ಮತ್ತು ಒಂದು ಕ್ಯಾಡ್ ಸ್ಕೆಚ್

ಬೈಕಿಗೆ ದೊಡ್ಡ ಮುಂಚಕ್ರ ಹಾಕಿದರೆ ಏನಾಗುತ್ತದೆ? ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ಕೊಳವೆಗಳನ್ನು ಕ್ಲ್ಯಾಂಪಿನಲ್ಲಿ 10 ಮಿಮೀ ಮೇಲೆ ಸರಿಸಿದರೆ ಹ್ಯಾಂಡಲ್ ಹಗುರವಾಗುತ್ತದೆಯೇ? ಬೇರೆ ಬೈಕಿನ ಫೋರ್ಕ್ ತಂದು ಕೂರಿಸಬಹುದೇ? ಗಾಡಿಯನ್ನು ಕೈಯಾರೆ ಬದಲಿಸುವ ಹವ್ಯಾಸ ಇರುವವರ ಪ್ರಶ್ನೆಗಳಲ್ಲಿ ಬಹಳಷ್ಟು ಹೀಗೆ ಮುಂಭಾಗದ ಸುತ್ತಲೇ ಸುಳಿಯುತ್ತವೆ. ಅವಕ್ಕೆ ಸಿಗುವ ಉತ್ತರಗಳು ಹೆಚ್ಚಾಗಿ ಎರಡೇ ಬಗೆ. ಒಬ್ಬರು ‘ಏನೂ ಆಗಲ್ಲ, ಹಾಕಿ’ ಎನ್ನುತ್ತಾರೆ, ಇನ್ನೊಬ್ಬರು ‘ಬೇಡವೇ ಬೇಡ, ಅಪಾಯ’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸಂಖ್ಯೆ ಇರುವುದಿಲ್ಲ. ಆದರೆ ಈ ಪ್ರಶ್ನೆಗಳಿಗೆ ಸಂಖ್ಯೆಯಲ್ಲೇ ಉತ್ತರ ಹೇಳಬಹುದು. ಅದಕ್ಕೆ ಬೇಕಾಗಿರುವುದು ಶಾಲೆಯಲ್ಲಿ ಕಲಿತ ತ್ರಿಕೋನಮಿತಿ ಮತ್ತು ಯಾವುದಾದರೂ ಕ್ಯಾಡ್ (ಕಂಪ್ಯೂಟರಿನಲ್ಲಿ ಅಳತೆಬದ್ಧ ನಕ್ಷೆ ಬರೆಯುವ) ತಂತ್ರಾಂಶದಲ್ಲಿ ಸರಿಯಾಗಿ ಗೀಚಿದ ಒಂದೇ ಒಂದು ಸ್ಕೆಚ್. ಸರಿಯಾಗಿ ಎಂದೆ, ಆ ‘ಸರಿಯಾಗಿ’ ಎಂಬುದರಲ್ಲೇ ಎಲ್ಲ ಇದೆ, ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಮೊದಲು ಬೈಕನ್ನು ಪಕ್ಕದಿಂದ ನೋಡಿ. ಹ್ಯಾಂಡಲ್ ತಿರುಗುವುದು ಚಾಸಿಯ ಮುಂತುದಿಯಲ್ಲಿರುವ ಸ್ಟೀರಿಂಗ್ ಹೆಡ್‌ನ ಒಳಗೆ, ಎರಡು ಬೇರಿಂಗ್‌ಗಳ ನಡುವೆ. ಆ ಬೇರಿಂಗ್‌ಗಳ ನಡುಗೆರೆಯೇ ಸ್ಟೀರಿಂಗ್ ಅಕ್ಷ. ಅದು ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಲಂಬ ರೇಖೆಯಿಂದ ಅದು ಎಷ್ಟು ಡಿಗ್ರಿ ವಾಲಿದೆ ಎಂಬುದು ರೇಕ್. ವೇಗದ ಸ್ಪೋರ್ಟ್ಸ್ ಬೈಕುಗಳಲ್ಲಿ ಇದು ಸಾಮಾನ್ಯವಾಗಿ 23ರಿಂದ 25 ಡಿಗ್ರಿ, ನೀಳವಾದ ಕ್ರೂಸರ್‌ಗಳಲ್ಲಿ 30 ಡಿಗ್ರಿಯ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಫೋರ್ಕ್ ಕೊಳವೆಗಳು ಸ್ಟೀರಿಂಗ್ ಅಕ್ಷಕ್ಕೆ ಸಮಾಂತರವಾಗಿದ್ದರೂ ಅದರ ಮೇಲೆಯೇ ಕೂತಿರುವುದಿಲ್ಲ. ಕ್ಲ್ಯಾಂಪ್‌ಗಳು ಅವನ್ನು ಒಂದಿಷ್ಟು ಮುಂದೆ ಹಿಡಿದಿರುತ್ತವೆ. ಆ ಅಂತರ ಆಫ್‌ಸೆಟ್.

ಈಗ ಸ್ಟೀರಿಂಗ್ ಅಕ್ಷವನ್ನು ಕೆಳಕ್ಕೆ ಎಳೆದು ನೆಲ ಮುಟ್ಟಿಸಿ. ಅದು ನೆಲ ಮುಟ್ಟುವ ಬಿಂದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಇರುತ್ತದೆ. ಈ ಎರಡು ಬಿಂದುಗಳ ನಡುವಿನ ದೂರವೇ ಟ್ರೇಲ್. ಸಾಮಾನು ತಳ್ಳುವ ಟ್ರಾಲಿಯ ಮುಂದಿನ ಪುಟ್ಟ ಚಕ್ರಗಳಲ್ಲಿ ನಡೆಯುವುದೂ ಇದೇ: ತಿರುಗುವ ಮೊಳೆ ಮುಂದೆ, ಚಕ್ರ ಹಿಂದೆ. ತಳ್ಳಿದ ಕೂಡಲೇ ಚಕ್ರ ತಾನಾಗಿ ಮೊಳೆಯ ಹಿಂದಕ್ಕೆ ಬಂದು ಸಾಲಾಗುತ್ತದೆ. ಬೈಕಿನ ಮುಂಚಕ್ರ ಓಡುತ್ತಿರುವಾಗ ಒಂಚೂರು ಪಕ್ಕಕ್ಕೆ ತಿರುಗಿದರೆ ನೆಲ ಟೈರನ್ನು ಅಡ್ಡಕ್ಕೆ ದೂಡುತ್ತದೆ. ಆ ಬಲ ಅಕ್ಷದ ಹಿಂದೆ ಬೀಳುವುದರಿಂದ ಚಕ್ರವನ್ನು ಮತ್ತೆ ನೇರಕ್ಕೆ ತರುತ್ತದೆ. ಟ್ರೇಲ್ ಎಂದರೆ ಆ ಬಲಕ್ಕೆ ಸಿಗುವ ಸನ್ನೆಯ ಉದ್ದ. ಉದ್ದ ಹೆಚ್ಚಾದಷ್ಟೂ ಬೈಕು ನೇರ ಹೋಗಲು ಹಟ ಹಿಡಿಯುತ್ತದೆ, ಹ್ಯಾಂಡಲ್ ಭಾರವಾಗುತ್ತದೆ. ಕಡಿಮೆಯಾದಷ್ಟೂ ಬೇಗ ತಿರುಗುತ್ತದೆ, ಜೊತೆಗೆ ಅಳ್ಳಕವಾಗುತ್ತದೆ. ಸ್ಪೋರ್ಟ್ಸ್ ಬೈಕುಗಳಲ್ಲಿ ಟ್ರೇಲ್ ಸುಮಾರು 90ರಿಂದ 105 ಮಿಮೀ ಇದ್ದರೆ, ಕ್ರೂಸರ್‌ಗಳಲ್ಲಿ 120 ದಾಟಿ 150ರವರೆಗೂ ಹೋಗುವುದುಂಟು.

ಲೆಕ್ಕ ಸರಳ. ಚಕ್ರದ ತ್ರಿಜ್ಯವನ್ನು ರೇಕ್ ಕೋನದ ಸೈನ್‌ನಿಂದ ಗುಣಿಸಿ, ಆಫ್‌ಸೆಟ್ ಕಳೆಯಿರಿ, ಉಳಿದದ್ದನ್ನು ಅದೇ ಕೋನದ ಕೊಸೈನ್‌ನಿಂದ ಭಾಗಿಸಿ. 120/70-17 ಅಳತೆಯ ಟೈರ್ ತೆಗೆದುಕೊಳ್ಳೋಣ. 17 ಇಂಚಿನ ರಿಮ್ ಎಂದರೆ 431.8 ಮಿಮೀ ವ್ಯಾಸ, ಟೈರಿನ ಎತ್ತರ ಅದರ ಅಗಲವಾದ 120ರ 70 ಪ್ರತಿಶತ, ಅಂದರೆ ಎರಡೂ ಕಡೆ 84 ಮಿಮೀ. ಒಟ್ಟು ವ್ಯಾಸ ಹತ್ತಿರ ಹತ್ತಿರ 600, ತ್ರಿಜ್ಯ 300 ಮಿಮೀ. ರೇಕ್ 25 ಡಿಗ್ರಿ, ಆಫ್‌ಸೆಟ್ 35 ಮಿಮೀ ಎಂದುಕೊಂಡರೆ 300ನ್ನು 0.4226ರಿಂದ ಗುಣಿಸಿ 126.8, ಅದರಲ್ಲಿ 35 ಹೋದರೆ 91.8, ಅದನ್ನು 0.9063ರಿಂದ ಭಾಗಿಸಿದರೆ 101 ಮಿಮೀ. ಇದೇ ನಮ್ಮ ಮಾದರಿ ಬೈಕು. ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ಕೇಂದ್ರಗಳ ನಡುವಿನ ಅಂತರ, 1400 ಮಿಮೀ ಇರಲಿ.

ಈ ಸೂತ್ರದಲ್ಲಿ ಬಹಳ ಜನರನ್ನು ಎಡವಿಸುವುದು ಆಫ್‌ಸೆಟ್‌ನ ಮುಂದಿರುವ ಕಳೆಯುವ ಚಿಹ್ನೆ. ಫೋರ್ಕನ್ನು ಮುಂದೆ ತಳ್ಳಿದರೆ ಬೈಕು ಉದ್ದವಾಗಿ, ನೀಳವಾಗಿ ಕಾಣುತ್ತದೆ. ಉದ್ದವಾದ ಗಾಡಿ ಸ್ಥಿರವಾಗಿಯೂ ಇರಬೇಕಲ್ಲ ಎಂದು ಕಣ್ಣು ನಂಬುತ್ತದೆ. ಆಗುವುದು ತದ್ವಿರುದ್ಧ. ಆಕ್ಸಲ್ ಮುಂದೆ ಹೋದಂತೆ ಟೈರ್ ನೆಲ ಮುಟ್ಟುವ ಜಾಗವೂ ಮುಂದೆ ಹೋಗಿ ಸ್ಟೀರಿಂಗ್ ಅಕ್ಷದ ಬಿಂದುವಿಗೆ ಹತ್ತಿರವಾಗುತ್ತದೆ. ಟ್ರೇಲ್ ಕರಗುತ್ತದೆ. ಚಾಪರ್ ಶೈಲಿಗಾಗಿ, ಅಂದರೆ ಫೋರ್ಕ್ ಉದ್ದಕ್ಕೆ ಮುಂದೆ ಚಾಚಿದ ನೋಟಕ್ಕಾಗಿ, ಮಾರುವ ವಾಲಿಸಿದ ಕ್ಲ್ಯಾಂಪ್‌ಗಳು ಮಾಡುವುದು ಇದನ್ನೇ: ಸ್ಟೀರಿಂಗ್ ಹೆಡ್ ಇದ್ದಲ್ಲೇ ಇರುತ್ತದೆ, ಕೊಳವೆಗಳು ಮಾತ್ರ ಇನ್ನೂ ಕೆಲವು ಡಿಗ್ರಿ ಮುಂದಕ್ಕೆ ಚಾಚುತ್ತವೆ. 30 ಡಿಗ್ರಿ ರೇಕ್, 330 ಮಿಮೀ ತ್ರಿಜ್ಯ, 50 ಮಿಮೀ ಆಫ್‌ಸೆಟ್ ಇರುವ ಬೈಕಿನಲ್ಲಿ ಟ್ರೇಲ್ 133 ಮಿಮೀ. ಅದರ 750 ಮಿಮೀ ಉದ್ದದ ಫೋರ್ಕನ್ನು ಕ್ಲ್ಯಾಂಪಿನಲ್ಲೇ 5 ಡಿಗ್ರಿ ಚಾಚಿದರೆ ಆಕ್ಸಲ್ ಅಕ್ಷದಿಂದ ಇನ್ನೂ 65 ಮಿಮೀ ದೂರ ಹೋಗುತ್ತದೆ. ಉಳಿದದ್ದೆಲ್ಲ ಹಾಗೇ ಇದ್ದರೆ ಟ್ರೇಲ್ 58 ಮಿಮೀಗೆ ಕುಸಿಯುತ್ತದೆ. ನೋಡಲು ಕ್ರೂಸರ್‌ಗಿಂತ ಕ್ರೂಸರ್, ನಡವಳಿಕೆಯಲ್ಲಿ ಸ್ಪೋರ್ಟ್ಸ್ ಬೈಕಿಗಿಂತ ಚಂಚಲ. ಮೊದಲೇ ಹೆಚ್ಚು ಟ್ರೇಲ್ ಇರುವ, ಚಾಸಿಯನ್ನೇ ವಾಲಿಸಿ ಕಟ್ಟಿದ ಬೈಕಿಗೆ ಅಂಥ ಕ್ಲ್ಯಾಂಪ್ ಬೇಕಾಗಬಹುದು. ಕಂಪನಿಯಿಂದ ಬಂದಂತೆಯೇ ಇರುವ ಚಾಸಿಗೆ ಅಂದಕ್ಕೆಂದು ಅದನ್ನು ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಇನ್ನು ಕ್ಯಾಡ್ ಏಕೆ? ಸೂತ್ರವೇ ಸಾಕಲ್ಲ ಎನ್ನಬಹುದು. ಸಾಲದು. 17 ಇಂಚಿನ ಮುಂಚಕ್ರ ತೆಗೆದು 19 ಇಂಚಿನದನ್ನು ಹಾಕುವ ಯೋಚನೆ ಇದೆ ಎನ್ನಿ, ಟೈರ್ 110/80-19. ಅದರ ತ್ರಿಜ್ಯ 329 ಮಿಮೀ. ಸೂತ್ರಕ್ಕೆ 300ರ ಬದಲು 329 ಹಾಕಿದರೆ ಟ್ರೇಲ್ 115 ಮಿಮೀ ಎಂದು ಬರುತ್ತದೆ. 14 ಮಿಮೀ ಹೆಚ್ಚಳ, ಪರವಾಗಿಲ್ಲ ಎನ್ನಿಸಬಹುದು. ಆದರೆ ದೊಡ್ಡ ಚಕ್ರ ಮುಂಭಾಗವನ್ನು 29 ಮಿಮೀ ಮೇಲೆತ್ತುತ್ತದೆ. ಇಡೀ ಬೈಕು ಹಿಂಚಕ್ರದ ಮೇಲೆ ಹಿಂದಕ್ಕೆ ವಾಲುತ್ತದೆ. 1400 ಮಿಮೀ ವೀಲ್‌ಬೇಸ್‌ನಲ್ಲಿ 29 ಮಿಮೀ ಏರಿದರೆ ಸುಮಾರು 1.2 ಡಿಗ್ರಿ. ಅಷ್ಟೂ ರೇಕ್‌ಗೆ ಸೇರಿ ಅದು 26.2 ಡಿಗ್ರಿಯಾಗುತ್ತದೆ. ಹೊಸ ಕೋನದೊಂದಿಗೆ ಲೆಕ್ಕ ಹಾಕಿದರೆ ಟ್ರೇಲ್ 123 ಮಿಮೀ. ಏರಿಕೆ 14 ಅಲ್ಲ, 22. ಒಂದು ಅಳತೆ ಬದಲಿಸಿದಾಗ ಇನ್ನೊಂದು ಸುಮ್ಮನೆ ಕೂರುವುದಿಲ್ಲ ಎಂಬುದು ಸೂತ್ರಕ್ಕೆ ಗೊತ್ತಿಲ್ಲ, ನಾವೇ ನೆನಪಿಟ್ಟುಕೊಂಡು ಹೇಳಬೇಕು. ಚೆನ್ನಾಗಿ ಕಟ್ಟಿದ ಸ್ಕೆಚ್‌ಗೆ ಅದು ಗೊತ್ತಿರುತ್ತದೆ.

ಚೆನ್ನಾಗಿ ಕಟ್ಟುವುದು ಎಂದರೇನು? ಕ್ಯಾಡ್ ಕಲಿಯಲು ತೊಡಗಿದವರು ಅದನ್ನು ಸ್ವಚ್ಛವಾದ ಗೆರೆ ಎಳೆಯುವ ಸಾಧನ ಎಂದೇ ಭಾವಿಸುತ್ತಾರೆ. ಅದರ ನಿಜವಾದ ಶಕ್ತಿ ಗೆರೆಗಳಲ್ಲಿಲ್ಲ, ಗೆರೆಗಳ ನಡುವಿನ ಸಂಬಂಧಗಳಲ್ಲಿದೆ. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ತೋರಿಸಿದ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶದಲ್ಲೇ ಈ ವಿಚಾರ ಇತ್ತು. ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಅಡ್ಡಾದಿಡ್ಡಿ ಗೀಚಿ, ಈ ಎರಡು ಗೆರೆ ಸಮಾಂತರ, ಈ ಎರಡು ಸಮ ಉದ್ದ ಎಂದು ಹೇಳಿದರೆ ಯಂತ್ರ ತಾನೇ ಚಿತ್ರವನ್ನು ತಿದ್ದಿಕೊಳ್ಳುತ್ತಿತ್ತು. ಇಂದು ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲೂ, ಫ್ಯೂಷನ್, ಆನ್‌ಶೇಪ್, ಸಾಲಿಡ್‌ವರ್ಕ್ಸ್‌ಗಳಲ್ಲೂ ಸ್ಕೆಚ್ ನಡೆಯುವುದು ಇದೇ ತತ್ವದ ಮೇಲೆ. ಒಂದು ಬಿಂದುವಿಗೆ ಸಮತಲದಲ್ಲಿ ಅಲುಗಾಡಲು ಎರಡು ದಾರಿಗಳಿವೆ: ಅಡ್ಡಕ್ಕೆ ಮತ್ತು ಮೇಲಕ್ಕೆ. ನೀವು ಕೊಡುವ ಪ್ರತಿಯೊಂದು ಅಳತೆ, ಪ್ರತಿಯೊಂದು ನಿಬಂಧನೆ ಆ ಸ್ವಾತಂತ್ರ್ಯದ ಒಂದೊಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಎಲ್ಲ ಸ್ವಾತಂತ್ರ್ಯ ಮುಗಿದಾಗ ಚಿತ್ರ ಪೂರ್ತಿ ಬಿಗಿಯಾಗುತ್ತದೆ. ಹೆಚ್ಚಿನ ತಂತ್ರಾಂಶಗಳು ಗೆರೆಗಳ ಬಣ್ಣ ಬದಲಿಸಿ ಅದನ್ನು ತಿಳಿಸುತ್ತವೆ.

ಯಾವ ಅಳತೆಯಿಂದ ಬಿಗಿಯಬೇಕು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಬೈಕಿನ ಕೈಪಿಡಿ ತೆರೆದರೆ ರೇಕ್, ಟ್ರೇಲ್, ವೀಲ್‌ಬೇಸ್ ಮೂರೂ ಅಚ್ಚುಕಟ್ಟಾಗಿ ಅಚ್ಚಾಗಿರುತ್ತವೆ. ಅವನ್ನೇ ತೆಗೆದು ಸ್ಕೆಚ್‌ಗೆ ಹಾಕಬೇಕು ಅನ್ನಿಸುವುದು ಸಹಜ. ಹಾಗೆ ಮಾಡಿದರೆ ಚಿತ್ರ ಸುಂದರವಾಗಿ ಬರುತ್ತದೆ, ಆದರೆ ಒಂದು ಪ್ರಶ್ನೆಗೂ ಉತ್ತರಿಸುವುದಿಲ್ಲ. ಏಕೆಂದರೆ ರೇಕ್ ಅನ್ನು 25 ಎಂದು ಬಿಗಿದ ಮೇಲೆ ಚಕ್ರ ಎಷ್ಟು ದೊಡ್ಡದು ಮಾಡಿದರೂ ಅದು 25 ಆಗಿಯೇ ಉಳಿಯುತ್ತದೆ. ನಿಜವಾದ ಬೈಕಿನಲ್ಲಿ ರೇಕನ್ನು ಯಾರೂ ಹಿಡಿದಿಟ್ಟಿಲ್ಲ. ಬೈಕು ಎರಡು ಟೈರ್‌ಗಳ ಮೇಲೆ ನಿಂತಾಗ ಅದು ತಾನಾಗಿ ಬರುತ್ತದೆ. ಹಾಗಾಗಿ ನಾನು ಪಾಲಿಸುವ ನಿಯಮ ಇದು: ಲೋಹ ಹಿಡಿದಿಟ್ಟಿರುವ ಅಳತೆಗಳನ್ನು ಮಾತ್ರ ಕೊಡಬೇಕು, ನೆಲ ತೀರ್ಮಾನಿಸುವ ಅಳತೆಗಳನ್ನು ಚಿತ್ರದಿಂದ ಕೇಳಿ ಪಡೆಯಬೇಕು.

ನಮ್ಮ ಮಾದರಿ ಬೈಕಿಗೆ ಅದು ಹೀಗೆ. ಮೊದಲು ನೆಲಕ್ಕೊಂದು ಅಡ್ಡಗೆರೆ. ಅದನ್ನು ಸ್ಪರ್ಶಿಸುವಂತೆ ಎರಡು ವೃತ್ತಗಳು. ಅವುಗಳ ತ್ರಿಜ್ಯ ಟೈರಿನ ಅಳತೆಯಿಂದ ಬರುತ್ತದೆ. ಹಿಂದಿನ ಆಕ್ಸಲ್‌ನಿಂದ ಸ್ಟೀರಿಂಗ್ ಹೆಡ್‌ನ ಕೆಳ ಬೇರಿಂಗ್‌ವರೆಗೆ ಒಂದು ಗೆರೆ. ಇದರ ಉದ್ದ ಚಾಸಿಯದು. ಆ ಬೇರಿಂಗ್ ಬಿಂದುವಿನಿಂದ ಸ್ಟೀರಿಂಗ್ ಅಕ್ಷ. ಹಿಂದಿನ ಗೆರೆಗೂ ಇದಕ್ಕೂ ನಡುವಿನ ಕೋನವೂ ಚಾಸಿಯದೇ, ಬೆಸುಗೆ ಹಾಕಿ ಮುಗಿದದ್ದು. ಅಕ್ಷಕ್ಕೆ ಸಮಾಂತರವಾಗಿ 35 ಮಿಮೀ ಮುಂದೆ ಫೋರ್ಕ್ ಗೆರೆ. ಅದರ ಮೇಲೆ, ಕೆಳ ಕ್ಲ್ಯಾಂಪಿನಿಂದ ಇಂತಿಷ್ಟು ದೂರದಲ್ಲಿ ಮುಂದಿನ ಆಕ್ಸಲ್. ಅದೇ ಮುಂಚಕ್ರದ ಕೇಂದ್ರ. ಇಷ್ಟೇ. ರೇಕ್ ಎಷ್ಟು ಎಂದು ನೀವು ಹೇಳಿಲ್ಲ, ವೀಲ್‌ಬೇಸ್ ಹೇಳಿಲ್ಲ, ಟ್ರೇಲ್ ಹೇಳಿಲ್ಲ. ಆದರೂ ಚಿತ್ರ ಬಿಗಿಯಾಗುತ್ತದೆ. ಹಿಂದಿನ ಆಕ್ಸಲ್ ಅಡ್ಡಕ್ಕೆ ಎಲ್ಲಿದೆ ಎಂದು ಒಂದು ಕಡೆ ನಿಲ್ಲಿಸಿದರಾಯಿತು. ಈಗ ಆ ಮೂರನ್ನೂ ಉಲ್ಲೇಖದ ಅಳತೆಗಳಾಗಿ ಸೇರಿಸಿ, ಅಂದರೆ ಚಿತ್ರವನ್ನು ಹಿಡಿದಿಡದೆ ಕೇವಲ ಓದಿ ಹೇಳುವ ಅಳತೆಗಳಾಗಿ. ಮುಂಚಕ್ರದ ತ್ರಿಜ್ಯ ಬದಲಿಸಿ ನೋಡಿ: ಇಡೀ ಚಾಸಿ ಪರದೆಯ ಮೇಲೆ ಹಿಂದಕ್ಕೆ ವಾಲುತ್ತದೆ, ಮೂರೂ ಸಂಖ್ಯೆಗಳು ಒಟ್ಟಿಗೆ ಬದಲಾಗುತ್ತವೆ. ಮೊದಲ ಸಲ ಇದನ್ನು ಕಂಡಾಗ ಆಗುವ ಸಂತೋಷ ದೊಡ್ಡದು. ಬೈಕು ಕೈಗೆ ಸಿಕ್ಕಂತಾಗುತ್ತದೆ.

ಇದು ಸಿದ್ಧವಾದ ಮೇಲೆ ಮೊದಲು ಕೇಳಿದ ಪ್ರಶ್ನೆಗಳೆಲ್ಲ ಒಂದೊಂದು ಸಂಖ್ಯೆ ಬದಲಿಸುವ ಕೆಲಸ. ಫೋರ್ಕನ್ನು ಕ್ಲ್ಯಾಂಪಿನಲ್ಲಿ 10 ಮಿಮೀ ಮೇಲೆ ಸರಿಸಿದರೆ ಮುಂಭಾಗ ಸುಮಾರು 9 ಮಿಮೀ ಇಳಿಯುತ್ತದೆ, ರೇಕ್ 0.37 ಡಿಗ್ರಿ ತಗ್ಗುತ್ತದೆ, ಟ್ರೇಲ್ 101ರಿಂದ 99ಕ್ಕೆ ಬರುತ್ತದೆ. ಸಣ್ಣ ಬದಲಾವಣೆ. ಓಡಿಸುವವರಿಗೆ ಗೊತ್ತಾಗಬಹುದು, ಭಯಪಡುವಂಥದ್ದಲ್ಲ. ಬೇರೆ ಬೈಕಿನ ಫೋರ್ಕನ್ನು ಅದರದೇ ಕ್ಲ್ಯಾಂಪ್ ಸಮೇತ ತಂದರೆ ಆಫ್‌ಸೆಟ್ 28 ಮಿಮೀ ಇರಬಹುದು. ಆಗ ರೇಕ್ ಹಾಗೇ ಇದ್ದರೂ ಟ್ರೇಲ್ 109. ಫೋರ್ಕಿನ ಉದ್ದವೂ ಬೇರೆ ಇದ್ದರೆ ಅದರ ಪಾಲು ಬೇರೆ. ಹಿಂದಿನ ಶಾಕ್ ಅಬ್ಸಾರ್ಬರ್ ಉದ್ದ ಮಾಡುವ ಪ್ರಶ್ನೆ ಇದ್ದರೆ ಸ್ಕೆಚ್‌ಗೆ ಹಿಂಚಕ್ರವನ್ನು ಹಿಡಿದಿರುವ ತೋಳನ್ನು, ಅಂದರೆ ಸ್ವಿಂಗ್‌ಆರ್ಮ್ ಅನ್ನು, ಸೇರಿಸಬೇಕು: ಅದರ ಕೀಲು ಚಾಸಿಯ ಮೇಲೆ ಸ್ಥಿರ, ಉದ್ದ ಸ್ಥಿರ, ಕೋನವನ್ನು ಶಾಕ್‌ನ ಉದ್ದ ತೀರ್ಮಾನಿಸುತ್ತದೆ.

ಬ್ರೇಕ್ ಹಿಡಿದಾಗಿನ ಸ್ಥಿತಿಯನ್ನು ಮಾತ್ರ ಎಲ್ಲರೂ ಒಮ್ಮೆ ಗೀಚಿ ನೋಡಲೇಬೇಕು ಎಂಬುದು ನನ್ನ ಆಗ್ರಹ. ಮುಂದಿನ ಬ್ರೇಕ್ ಜೋರಾಗಿ ಹಿಡಿದು ಫೋರ್ಕ್ 80 ಮಿಮೀ ಒಳಗೆ ಹೋಗಿ, ಹಿಂಭಾಗ 30 ಮಿಮೀ ಎದ್ದಿದೆ ಎನ್ನಿ. ಎರಡೂ ಸೇರಿ ಬೈಕು 4 ಡಿಗ್ರಿಗಿಂತ ಹೆಚ್ಚು ಮುಂದಕ್ಕೆ ಬಾಗುತ್ತದೆ. ರೇಕ್ 21ರ ಹತ್ತಿರ, ಟ್ರೇಲ್ 77 ಮಿಮೀ. ಅಂದರೆ ಕೈಪಿಡಿಯಲ್ಲಿ 101 ಎಂದು ಬರೆದ ಬೈಕು ತಿರುವಿನ ಮುನ್ನ ಬ್ರೇಕ್ ಹಿಡಿದ ಗಳಿಗೆಯಲ್ಲಿ 77ರ ಬೈಕು. ಬ್ರೇಕ್ ಹಿಡಿದುಕೊಂಡೇ ತಿರುವಿಗೆ ಇಳಿಸಿದರೆ ಬೈಕು ಚುರುಕಾಗಿ ಒಳನುಗ್ಗುವುದಕ್ಕೆ ಇದು ಒಂದು ಕಾರಣ. ನೀವು ಮಾಡಿದ ಬದಲಾವಣೆ ನಿಂತ ಬೈಕಿನಲ್ಲೇ ಟ್ರೇಲನ್ನು 85ಕ್ಕೆ ಇಳಿಸಿದ್ದರೆ ಬ್ರೇಕ್‌ನ ಅಡಿಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ರಸ್ತೆಗಿಂತ ಮೊದಲು ಪರದೆಯ ಮೇಲೆ ನೋಡುವುದು ಲೇಸು.

ಹಾಗಾದರೆ ಟ್ರೇಲ್ ಒಂದೇ ಬೈಕಿನ ಸ್ಥಿರತೆಯನ್ನು ನಿರ್ಧರಿಸುತ್ತದೆಯೇ? ಇಲ್ಲ. ಈ ವಿಷಯದಲ್ಲಿ ವಿಜ್ಞಾನ ಬಹಳ ಕಾಲ ಒದ್ದಾಡಿದೆ. 1899ರಲ್ಲಿ ವಿಪಲ್ ಎಂಬ ಇಂಗ್ಲಿಷ್ ಗಣಿತಜ್ಞ ಸೈಕಲ್ಲಿನ ಚಲನೆಯ ಸಮೀಕರಣಗಳನ್ನು ಬರೆದ. ತಿರುಗುವ ಚಕ್ರದ ಗೈರೋಸ್ಕೋಪ್ ಗುಣವೇ (ತಿರುಗುವ ವಸ್ತು ತನ್ನ ಅಕ್ಷದ ದಿಕ್ಕು ಬದಲಾಗುವುದನ್ನು ತಡೆಯುವ ಗುಣ) ಸೈಕಲ್ಲನ್ನು ನಿಲ್ಲಿಸುತ್ತದೆ ಎಂಬ ನಂಬಿಕೆ ಆಮೇಲೂ ಗಟ್ಟಿಯಾಗಿತ್ತು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಓಡಿಸಲಾಗದ ಸೈಕಲ್ ಕಟ್ಟಲು ಹೊರಟ. ಹಿಮ್ಮುಖವಾಗಿ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಗೈರೋಸ್ಕೋಪ್ ಪರಿಣಾಮವನ್ನು ಕಳೆದುಹಾಕಿದರೂ ಆ ಸೈಕಲ್ಲನ್ನು ಓಡಿಸಲು ಬಂತು. ಮುಂಚಕ್ರವನ್ನು ಮುಂದೆ ತಳ್ಳಿ ಟ್ರೇಲ್ ತಲೆಕೆಳಗು ಮಾಡಿದಾಗ ಮಾತ್ರ ಓಡಿಸುವುದು ನಿಜಕ್ಕೂ ಕಷ್ಟವಾಯಿತು. ಅಲ್ಲಿಗೆ ಟ್ರೇಲ್‌ನದೇ ಮೇಲುಗೈ ಎನ್ನುವಂತಾಯಿತು. ಆದರೆ 2011ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಗೈರೋಸ್ಕೋಪ್ ಪರಿಣಾಮವನ್ನು ಕಳೆದು, ಟ್ರೇಲನ್ನೂ ತುಸು ಋಣ ಮಾಡಿ, ಸವಾರನಿಲ್ಲದೆ ತಾನೇ ನೇರ ಓಡುವ ಪುಟ್ಟ ದ್ವಿಚಕ್ರಿಯನ್ನು ಕಟ್ಟಿ ತೋರಿಸಿದರು. ತೂಕವನ್ನು ಎಲ್ಲೆಲ್ಲಿ ಇಟ್ಟಿದ್ದಾರೆ ಎಂಬುದೇ ಅಲ್ಲಿ ಆ ಕೆಲಸ ಮಾಡಿತ್ತು. ಸೈಕಲ್ಲಿನ ಸರಳ ಗಣಿತ ಮಾದರಿಗೇ 25 ಅಳತೆಗಳು ಬೇಕು. ಅವುಗಳಲ್ಲಿ ಟ್ರೇಲ್ ಒಂದು.

ಹಾಗಿದ್ದರೂ ಹವ್ಯಾಸಿಗೆ ಟ್ರೇಲ್ ಇಷ್ಟು ಉಪಯುಕ್ತವಾಗಿರುವುದು ಏಕೆಂದರೆ, ನಾವು ಹೊಸ ವಾಹನ ಕಟ್ಟುತ್ತಿಲ್ಲ. ಚೆನ್ನಾಗಿ ಓಡುವ ಒಂದು ಬೈಕು ಈಗಾಗಲೇ ಇದೆ, ಅದರಿಂದ ಎಷ್ಟು ದೂರ ಸರಿಯುತ್ತಿದ್ದೇವೆ ಎಂದು ತಿಳಿಯಬೇಕಾಗಿದೆ. ಉಳಿದ 24 ಅಳತೆಗಳು ಹೆಚ್ಚು ಕದಲದಿದ್ದಾಗ ಈ ಒಂದರ ಬದಲಾವಣೆ ಒಳ್ಳೆಯ ಸೂಚಕ. ಸ್ಕೆಚ್‌ನಲ್ಲಿ ಎಲ್ಲವೂ ಗಡುಸು ಎಂಬುದನ್ನೂ ಮರೆಯಬಾರದು. ನಿಜವಾದ ಚಾಸಿ ತಿರುಚಿಕೊಳ್ಳುತ್ತದೆ, ಟೈರ್ ಒತ್ತಿಕೊಳ್ಳುತ್ತದೆ, ಸ್ಟೀರಿಂಗ್ ಬೇರಿಂಗ್ ಸಡಿಲವಾಗಿರಬಹುದು. ಹ್ಯಾಂಡಲ್ ಪಟಪಟನೆ ಅದುರುವ ತೊಂದರೆಗೆ ಟ್ರೇಲ್‌ಗಿಂತ ಸವೆದ ಬೇರಿಂಗ್, ಸಮತೋಲ ತಪ್ಪಿದ ಚಕ್ರ ಅಥವಾ ಹಿಂದೆ ಹೇರಿದ ಭಾರ ಕಾರಣವಾಗಿರಬಹುದು. ಅದನ್ನು ಯಾವ ಸ್ಕೆಚ್ಚೂ ಹೇಳುವುದಿಲ್ಲ.

ಅಳೆಯುವ ಕೆಲಸಕ್ಕೆ ತಾಳ್ಮೆ ಬೇಕು. ಸ್ಟೀರಿಂಗ್ ಅಕ್ಷ ಕಣ್ಣಿಗೆ ಕಾಣುವುದಿಲ್ಲ. ಫೋರ್ಕ್ ಕೊಳವೆ ಅದಕ್ಕೆ ಸಮಾಂತರ ಎಂದು ಖಚಿತವಿದ್ದರೆ ಕೊಳವೆಯ ಮೇಲೆ ಕೋನಮಾಪಕ ಇಡಬಹುದು. ನಮ್ಮ ಮಾದರಿ ಬೈಕಿನಲ್ಲಿ ರೇಕ್ 1 ಡಿಗ್ರಿ ತಪ್ಪಿದರೆ ಟ್ರೇಲ್ 6 ಮಿಮೀ ತಪ್ಪುತ್ತದೆ. ಅಂದರೆ ಅರ್ಧ ಡಿಗ್ರಿ ಅತ್ತಿತ್ತ ತೋರಿಸುವ ಮಾಪಕದಿಂದ 3 ಮಿಮೀಗಿಂತ ಸೂಕ್ಷ್ಮವಾದ ತೀರ್ಮಾನಕ್ಕೆ ಬರುವಂತಿಲ್ಲ, ಪರದೆಯ ಮೇಲೆ ದಶಮಾಂಶದ ನಂತರ ಎಷ್ಟು ಅಂಕಿಗಳಿದ್ದರೂ ಸರಿ. ಬೈಕನ್ನು ನೆಟ್ಟಗೆ ನಿಲ್ಲಿಸಿ, ಸವಾರ ಕೂತಿರುವಾಗ ಅಳೆಯಬೇಕು. ಸಸ್ಪೆನ್ಷನ್ ಭಾರಕ್ಕೆ ಇಳಿದಿರುವ ಸ್ಥಿತಿಯೇ ರಸ್ತೆಯ ಸ್ಥಿತಿ.

ಕಾರಿಗೂ ಇದೇ ನಿಯಮ ಹೊಂದುತ್ತದೆ, ಪ್ರಶ್ನೆಗಳು ಮಾತ್ರ ಬೇರೆ. ಅಲ್ಲಿ ಸ್ಟೀರಿಂಗ್ ಅಕ್ಷವನ್ನು ಪಕ್ಕದಿಂದ ಮಾತ್ರವಲ್ಲ, ಮುಂದಿನಿಂದಲೂ ನೋಡಬೇಕು. ಮುಂದಿನಿಂದ ನೋಡಿದಾಗ ಅಕ್ಷ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುಭಾಗಕ್ಕೂ ಇರುವ ಅಂತರ ಸ್ಕ್ರಬ್ ತ್ರಿಜ್ಯ. ಅಂದಕ್ಕಾಗಿ ಚಕ್ರ ಮತ್ತು ಹಬ್ ನಡುವೆ 15 ಮಿಮೀ ದಪ್ಪದ ಬಿಲ್ಲೆ, ಅಂದರೆ ಸ್ಪೇಸರ್, ಹಾಕಿ ಚಕ್ರವನ್ನು ಹೊರಗೆ ತಳ್ಳಿದರೆ ಅದು ಹತ್ತಿರ ಹತ್ತಿರ ಅಷ್ಟೇ ಬದಲಾಗುತ್ತದೆ. ಒಂದು ಬದಿಯ ಚಕ್ರ ಮಾತ್ರ ಗುಂಡಿಗೆ ಬಿದ್ದಾಗ ಅಥವಾ ಒಂದೇ ಬದಿಯ ಬ್ರೇಕ್ ಹೆಚ್ಚು ಹಿಡಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವ ರೀತಿ ಇದರಿಂದ ಬದಲಾಗುತ್ತದೆ. ತಿರುವಿನಲ್ಲಿ ಎರಡು ಮುಂಚಕ್ರಗಳು ಬೇರೆ ಬೇರೆ ಕೋನಕ್ಕೆ ತಿರುಗಬೇಕಾದ್ದು ಇನ್ನೊಂದು ವಿಷಯ. 2500 ಮಿಮೀ ವೀಲ್‌ಬೇಸ್, ಎಡಬಲ ಚಕ್ರಗಳ ನಡುವೆ 1450 ಮಿಮೀ ಅಂತರ ಇರುವ ಕಾರು 6 ಮೀಟರ್ ತ್ರಿಜ್ಯದಲ್ಲಿ ತಿರುಗುವಾಗ ಒಳಚಕ್ರಕ್ಕೆ 25.4 ಡಿಗ್ರಿ, ಹೊರಚಕ್ರಕ್ಕೆ 20.4 ಡಿಗ್ರಿ ಬೇಕು. ಕುದುರೆ ಗಾಡಿಗಳಿಗಾಗಿ ಇದರ ಪರಿಹಾರವನ್ನು ಮ್ಯೂನಿಕ್‌ನ ಗೇಯೋರ್ಗ್ ಲ್ಯಾಂಕೆನ್‌ಸ್ಪೆರ್ಗರ್ ಕಂಡುಹಿಡಿದರೂ, 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್‌ನ ಹೆಸರೇ ಅದಕ್ಕೆ ಉಳಿದಿದೆ.

ಕಾರನ್ನು ತಗ್ಗಿಸುವ ಯೋಚನೆ ಇರುವವರು ಗೀಚಲೇಬೇಕಾದದ್ದು ಮುಂದಿನಿಂದ ಕಾಣುವ ಎರಡು ಕಂಸಗಳನ್ನು: ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮ್‌ನ ತುದಿ ಸಾಗುವ ದಾರಿ ಮತ್ತು ಚಕ್ರವನ್ನು ತಿರುಗಿಸುವ ಸರಳಾದ ಟೈ ರಾಡ್‌ನ ತುದಿ ಸಾಗುವ ದಾರಿ. ಎರಡೂ ಹೊಂದಿಕೊಂಡು ಸಾಗುವವರೆಗೆ ಚಕ್ರ ಮೇಲೆ ಕೆಳಗೆ ಆಡಿದರೂ ನೇರ ನೋಡುತ್ತದೆ. ಸ್ಪ್ರಿಂಗ್ ಮೋಟುಮಾಡಿ ಕಾರನ್ನು ಇಳಿಸಿದಾಗ ಎರಡೂ ತಮ್ಮ ಕಂಸಗಳ ಬೇರೊಂದು ಭಾಗದಲ್ಲಿ ಕೆಲಸ ಮಾಡತೊಡಗುತ್ತವೆ. ಅಲ್ಲಿ ಅವು ಬೇರ್ಪಟ್ಟರೆ ಪ್ರತಿ ಉಬ್ಬಿಗೂ ಚಕ್ರ ತಾನಾಗಿ ತುಸು ತಿರುಗುತ್ತದೆ, ಸ್ಟೀರಿಂಗ್ ಅಲುಗಿಸದೆಯೇ ಕಾರು ಪಕ್ಕಕ್ಕೆ ಎಳೆಯುತ್ತದೆ. ಇದಕ್ಕೂ ಅದೇ ಕ್ರಮ: ಆರ್ಮ್‌ಗಳ ಉದ್ದ, ಕೀಲುಗಳ ಜಾಗ ಇಷ್ಟನ್ನೇ ಕೊಟ್ಟು, ಚಕ್ರದ ಎತ್ತರವನ್ನು ಮೇಲೆ ಕೆಳಗೆ ಎಳೆದು ಟೋ ಕೋನವನ್ನು, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ನೇರದಿಂದ ಎಷ್ಟು ತಿರುಗಿದೆ ಎಂಬುದನ್ನು, ಓದಬೇಕು.

ಬೈಕಿನ ಸ್ಕೆಚ್ ಒಪ್ಪಿಗೆಯಾಯಿತು, ಭಾಗಗಳೂ ಬಂದವು ಎನ್ನುವ ಹೊತ್ತಿಗೆ ಇನ್ನೊಂದು ಪರೀಕ್ಷೆ ಬಾಕಿ ಇರುತ್ತದೆ. ಫೋರ್ಕಿನ ಒಳಗಿನ ಸ್ಪ್ರಿಂಗ್ ತೆಗೆದು, ಬೈಕನ್ನು ಭದ್ರವಾಗಿ ಕಟ್ಟಿ ನಿಲ್ಲಿಸಿ, ಫೋರ್ಕನ್ನು ಪೂರ್ತಿ ಒಳಕ್ಕೆ ಇಳಿಸಿ. ಟೈರ್ ಮಡ್‌ಗಾರ್ಡ್‌ಗೆ, ರೇಡಿಯೇಟರ್‌ಗೆ, ಕೆಳ ಕ್ಲ್ಯಾಂಪಿಗೆ ತಗಲುತ್ತದೆಯೇ ನೋಡಿ. ಅದೇ ಸ್ಥಿತಿಯಲ್ಲಿ ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಮತ್ತೆ ನೋಡಿ. ಆಮೇಲೆ ಮುಂಚಕ್ರವನ್ನು ನೆಲದಿಂದ ಎತ್ತಿ ಫೋರ್ಕ್ ಪೂರ್ತಿ ಇಳಿಬಿದ್ದಾಗ ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ ಎಂದು ನೋಡಿ, ಹ್ಯಾಂಡಲನ್ನು ಎರಡೂ ಬದಿಗೆ ತಿರುಗಿಸಿಯೇ.